ಮಾವನ ವಿಮಾನ, ನನ್ನ ಮೌನ

ಜೂನ್ ೩, ಸೋಮವಾರ

ಆರು ವಾರ ಬಾಯಿ ಮುಚ್ಚಿಕೊಂಡಿರಬೇಕಂತೆ. ಪಿಸುಮಾತೂ ಕೂಡದಂತೆ. ಪಿಸುಗುಟ್ಟುವುದು ಕೂಗುವುದಕ್ಕಿಂತ ಕೆಟ್ಟದ್ದಂತೆ.

ಗಂಟಲು ಡಾಕ್ಟರು ಮೂಗಿನೊಳಗಿಂದ ಸಣ್ಣ ಕ್ಯಾಮೆರಾ ಇಳಿಸಿ ನನ್ನ ಧ್ವನಿತಂತುಗಳನ್ನು ಪರದೆಯ ಮೇಲೆ ತೋರಿಸಿದರು. ಎರಡರ ಮೇಲೂ ಒಂದೊಂದು ಗಂಟು, ಅಕ್ಕಿಕಾಳಿನಷ್ಟು. ಇಷ್ಟು ದಿನ ಇವುಗಳ ಕೈಯಲ್ಲಿ ದುಡಿಸಿಕೊಂಡು ಒಮ್ಮೆಯೂ ಮುಖ ನೋಡಿರಲಿಲ್ಲ, ಪಾಪ.

"ಇಪ್ಪತ್ತೆರಡು ವರ್ಷ ರೈಲ್ವೆ ಸ್ಟೇಷನ್ ಮೈಕಲ್ಲಿ ಕೂಗಿದ್ದೀರಿ. ಇನ್ನೇನಾಗುತ್ತೆ?" ಎಂದರು.

"ಮೈಕಲ್ಲಿ ಯಾರಾದ್ರೂ ಕೂಗ್ತಾರಾ ಡಾಕ್ಟ್ರೇ? ಅಲ್ಲಿ ಮೆತ್ತಗೇ ಮಾತಾಡ್ತೀನಿ" ಎಂದೆ, ಒಡೆದ ಕೊಳಲಿನಂಥ ದನಿಯಲ್ಲಿ.

"ಹಾಗಾದ್ರೆ ಕೂಗೋದು ಎಲ್ಲಿ?"

ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಆರು ವಾರಕ್ಕೆ ಗಂಟು ಕರಗದಿದ್ದರೆ ಆಪರೇಷನ್. ಆಪರೇಷನ್ನಿನ ಮೇಲೆ ಮೊದಲಿನ ದನಿ ಬರುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ. ದನಿಯಿಲ್ಲದ ಅನೌನ್ಸರನ್ನು ಸ್ಟೇಷನ್ನಿನಲ್ಲಿ ಎಲ್ಲಿ ಕೂರಿಸುತ್ತಾರೆ ಎಂಬುದು ನನಗೆ ಗೊತ್ತು: ಮಹಡಿ ಮೆಟ್ಟಿಲ ಕೆಳಗಿನ ಹಳೇ ಫೈಲುಗಳ ಕೋಣೆಯಲ್ಲಿ.

ಬಾಯಿಗೆ ಬೀಗ ಬಿದ್ದ ಮೇಲೆ ಮಾತು ಎಲ್ಲಾದರೂ ಹೋಗಬೇಕಲ್ಲ. ಅದಕ್ಕೇ ಈ ನೋಟುಪುಸ್ತಕ.

ಜೂನ್ ೪, ಮಂಗಳವಾರ

ಇವರು ಸ್ಲೇಟು, ಬಳಪ ತಂದುಕೊಟ್ಟರು. ನಾನು ಬರೆದು ಮುಗಿಸುವಷ್ಟರಲ್ಲಿ ಎದುರಿನವರು ಬೇರೆ ವಿಷಯಕ್ಕೆ ಹೋಗಿರುತ್ತಾರೆ. ಬೆಳಿಗ್ಗೆಯಿಂದ ಮೂರು ಬಳಪ ಮುರಿದೆ.

ಜನ ಎಷ್ಟು ನಿಧಾನವಾಗಿ ಮಾತಾಡುತ್ತಾರೆ! ಅವರ ವಾಕ್ಯವನ್ನು ನಾನೇ ಮುಗಿಸಿಕೊಟ್ಟರೆ ಇಬ್ಬರಿಗೂ ಹೊತ್ತು ಉಳಿಯುತ್ತಿತ್ತು. ಇಷ್ಟು ವರ್ಷ ಆ ಉಪಕಾರವನ್ನು ನಾನು ಎಲ್ಲರಿಗೂ ಮಾಡಿಕೊಂಡೇ ಬಂದಿದ್ದೆ. ಇನ್ನು ಅವರ ವಾಕ್ಯ ಅವರೇ ಮುಗಿಸಿಕೊಳ್ಳಲಿ.

ಇವರು ಕನ್ನಡಕದಂಗಡಿಗೆ ಗಾಜು ಉಜ್ಜಲು ಹೊರಟ ಮೇಲೆ ಮನೆಯಲ್ಲಿ ಉಳಿಯುವವರು ನಾನು ಮತ್ತು ಮಾವ. ಮಾವನಿಗೆ ಎಪ್ಪತ್ತನಾಲ್ಕು. ಬಂದರಿನಲ್ಲಿ ಮೂವತ್ತೊಂದು ವರ್ಷ ಕ್ರೇನ್ ನಡೆಸಿದವರು. ನಾನು ಈ ಮನೆಗೆ ಬಂದು ಹದಿನೆಂಟು ವರ್ಷವಾಯಿತು. ಅವರು ಇದುವರೆಗೆ ನನ್ನೊಡನೆ ಆಡಿದ ಮಾತನ್ನೆಲ್ಲ ಒಂದು ಪೋಸ್ಟ್‌ಕಾರ್ಡಿನಲ್ಲಿ ಬರೆದರೆ ವಿಳಾಸಕ್ಕೂ ಜಾಗ ಉಳಿದೀತು. ಅತ್ತೆ ಇದ್ದಾಗಲೂ ಅಷ್ಟೇ, ಅತ್ತೆ ಹೋದ ಈ ನಾಲ್ಕು ವರ್ಷವೂ ಅಷ್ಟೇ. ಹೂಂ ಅಂದರೆ ಹೌದು, ಹೂಂಹೂಂ ಅಂದರೆ ಅಲ್ಲ.

ಒಂದು ಮನೆಯಲ್ಲಿ ಇಬ್ಬರು ಮೂಗರು. ಗಡಿಯಾರದ ಸದ್ದಿಗೆ ತಲೆ ಚಿಟ್ಟು ಹಿಡಿಯಿತು.

ಜೂನ್ ೭, ಶುಕ್ರವಾರ

ಬೇಸರ ತಡೆಯಲಾರದೆ ಇವತ್ತು ಮಾವನ ಹಿಂಬದಿ ಕೋಣೆಗೆ ಹೋದೆ. ಇಷ್ಟು ದಿನ ಅಲ್ಲಿಗೆ ಪೊರಕೆ ಹಿಡಿದು ಮಾತ್ರ ಹೋಗುತ್ತಿದ್ದೆ.

ಮಾವ ಅಲ್ಲಿ ವಿಮಾನ ಕಟ್ಟಿಕೊಂಡಿದ್ದಾರೆ. ನಿಜದ್ದಲ್ಲ, ಸಿಮ್ಯುಲೇಟರ್. ಮೂರು ಪರದೆ, ಅದರಲ್ಲಿ ಒಂದಕ್ಕೆ ನಡುವೆ ಹಸಿರು ಗೆರೆ. ಕೈ ಕಿತ್ತ ಆಫೀಸು ಕುರ್ಚಿ. ಹಳೇ ರೇಡಿಯೋಗಳಿಂದ ಬಿಚ್ಚಿದ ತಿರುಗುಗುಂಡಿಗಳು. ಮೇಜಿನ ತುದಿಗೆ ಒಂದು ಹಲಗೆ ಬಿಗಿದು, ಆ ಹಲಗೆಗೆ ಚುಕ್ಕಾಣಿ ಕೂರಿಸಿದ್ದಾರೆ. ಅದನ್ನು ಎಳೆದರೆ ಪರದೆಯೊಳಗಿನ ಪುಟ್ಟ ವಿಮಾನ ಏಳುತ್ತದೆ, ತಳ್ಳಿದರೆ ಇಳಿಯುತ್ತದೆ.

ಇವತ್ತು ವಿಮಾನ ಒಂದು ಗುಡ್ಡಕ್ಕೆ ಸುತ್ತು ಹಾಕುತ್ತಿತ್ತು. ಐದು ಸುತ್ತಾಯಿತು, ಆರು ಸುತ್ತಾಯಿತು. ಹರಕೆ ಹೊತ್ತವರೂ ಅಷ್ಟು ಸುತ್ತುವುದಿಲ್ಲ. ಆಟೋಪೈಲಟ್ ಒತ್ತಿದ ತಕ್ಷಣ ಹೀಗಾಗುತ್ತದಂತೆ. ಆಟೋಪೈಲಟ್ ಅಂದರೆ ವಿಮಾನ ತನ್ನನ್ನು ತಾನೇ ನಡೆಸಿಕೊಳ್ಳುವ ಏರ್ಪಾಡು. ಮಾವ ಭೂತಗನ್ನಡಿ ಹಿಡಿದು ಕೈಪಿಡಿ ಓದುತ್ತಿದ್ದರು.

ನನ್ನ ನಾಲಿಗೆ ತುದಿಯಲ್ಲಿ ಹನ್ನೆರಡು ಸಲಹೆ ಇದ್ದವು. ಒಂದೂ ಹೊರಬರುವಂತಿಲ್ಲ. ಕೈಕಟ್ಟಿ ನೋಡಿದೆ. ದಿಕ್ಸೂಚಿಯ ಅಂಚಿನಲ್ಲಿ ಒಂದು ಕಿತ್ತಳೆ ಗುರುತು. ವಿಮಾನದ ಮೂತಿ ಒಂದು ಕಡೆ, ಗುರುತು ಇನ್ನೊಂದು ಕಡೆ. ಮಾವ ತಿರುಗಿಸುತ್ತಿದ್ದ ಗುಂಡಿ ಗುರುತನ್ನು ನಿಲ್ಲಲೇ ಬಿಡುತ್ತಿರಲಿಲ್ಲ. ಕೈ ಬಿಟ್ಟರೂ ಸ್ವಲ್ಪ ಸ್ವಲ್ಪವೇ ಜಾರುತ್ತಿತ್ತು. ಸ್ಲೇಟಿನ ಮೇಲೆ ಬರೆದೆ: ಗುಂಡಿ ಸಡಿಲ. ಕಿತ್ತಳೆ ಗುರುತು ತಾನಾಗಿ ಓಡುತ್ತಿದೆ. ವಿಮಾನ ಅದರ ಹಿಂದೆ ಓಡುತ್ತಿದೆ.

ಮಾವ ಓದಿದರು, ಗುಂಡಿ ಬಿಚ್ಚಿದರು, ಒಳಗಿನ ಕೊಳೆ ಒರೆಸಿ ಸ್ಕ್ರೂ ಬಿಗಿದರು. ವಿಮಾನ ನೆಟ್ಟಗೆ ಹೊರಟಿತು.

"ಹೂಂ" ಎಂದರು. ಇದು ಎಂದಿನ ಹೂಂಗಿಂತ ಉದ್ದವಿತ್ತು.

ಜೂನ್ ೧೨, ಬುಧವಾರ

ಈಗ ಬೇರೆ ರೋಗ. ಆಟೋಪೈಲಟ್ ಹಾಕಿದರೆ ವಿಮಾನ ಮೂತಿ ಎತ್ತುತ್ತದೆ, ಎತ್ತುತ್ತಲೇ ಹೋಗುತ್ತದೆ, ಏದುಸಿರು ಬಿಡುತ್ತದೆ, ಆಮೇಲೆ ಕಲ್ಲಿನಂತೆ ಬೀಳುತ್ತದೆ. ಬೆಳಿಗ್ಗೆಯಿಂದ ನಾಲ್ಕು ಸಲ ಸತ್ತೆವು. ಐದನೇ ಸಲ ಕಾಫಿ ಕುಡಿದುಕೊಂಡೇ ಸತ್ತೆವು.

ಮಾವನಿಗೆ ಇಂಟರ್ನೆಟ್ಟಿನಲ್ಲಿ ಒಂದು ಬಳಗವಿದೆ, ಮನೆಯಲ್ಲೇ ವಿಮಾನ ಹಾರಿಸುವವರ ಬಳಗ. ಅಲ್ಲಿ ಗರುಡಣ್ಣ ಎಂದು ಹೆಸರಿಟ್ಟುಕೊಂಡ ಮಹಾಶಯ ಎಲ್ಲಾ ರೋಗಕ್ಕೂ ಒಂದೇ ಮದ್ದು ಹೇಳುತ್ತಾನೆ: ಎಲ್ಲಾ ಅಳಿಸಿ ಮತ್ತೆ ಹಾಕಿ. ಅಳಿಸಿ ಹಾಕಿದೆವು. ಮೂರು ಗಂಟೆ ಹಿಡಿಯಿತು. ಮತ್ತೆ ಸತ್ತೆವು.

ಮಧ್ಯಾಹ್ನ ಮಾವ ಪರದೆಯನ್ನೇ ನೋಡುತ್ತಾ ಕೂತಿದ್ದವರು ಇದ್ದಕ್ಕಿದ್ದಂತೆ ಬಾಯಿ ತೆರೆದರು.

"ಭಾರ ಎತ್ತುವಾಗ ಆತುರ ಮಾಡ್ಬಾರ್ದು ಕಣಮ್ಮ. ಆತುರ ಮಾಡಿದ್ರೆ ಮೋಟಾರು ಉಸಿರು ಬಿಡುತ್ತೆ. ಇದಕ್ಕೆ ನಿಮಿಷಕ್ಕೆ ಸಾವಿರದೈನೂರು ಅಡಿ ಏರು ಅಂತ ಹೇಳಿಟ್ಟಿದ್ದೀನಿ. ಇದರ ಯೋಗ್ಯತೆ ಐನೂರು."

ಐನೂರು ಎಂದು ಇಟ್ಟರು. ವಿಮಾನ ಸಾಧುವಾಗಿ ಏರಿತು.

ನಾನು ವಿಮಾನ ನೋಡಲಿಲ್ಲ, ಮಾವನನ್ನು ನೋಡಿದೆ. ಒಂದೇ ಉಸಿರಿಗೆ ನಾಲ್ಕು ವಾಕ್ಯ! ನನಗೆ ಬಾಯಿ ಇದ್ದಿದ್ದರೆ ಮೊದಲನೇ ವಾಕ್ಯಕ್ಕೇ "ಅಯ್ಯೋ, ಹೌದು ಮಾವ, ನಮ್ಮ ಸ್ಟೇಷನ್ನಲ್ಲೂ ಹಾಗೇ" ಎಂದು ಶುರು ಹಚ್ಚುತ್ತಿದ್ದೆ. ಐನೂರಡಿಯ ಮಾತು ಬರುತ್ತಲೇ ಇರಲಿಲ್ಲವೋ ಏನೋ.

ಜೂನ್ ೧೮, ಮಂಗಳವಾರ

ಮಾವನ ಗುಟ್ಟು ಗೊತ್ತಾಯಿತು.

ಜುಲೈ ಹದಿನಾಲ್ಕು, ಭಾನುವಾರ, ಬಳಗದ ಇಪ್ಪತ್ತಮೂರು ಜನ ತಂತಮ್ಮ ಮನೆಯಲ್ಲೇ ಕೂತು ಒಟ್ಟಿಗೆ ಹಾರುತ್ತಾರೆ. ಸಮುದ್ರದ ಮೇಲೆ ಆರು ಗಂಟೆ ಹಾರಾಟ. ಹೋದ ವರ್ಷವೂ ಮಾವ ಹೊರಟಿದ್ದರಂತೆ. ಎರಡನೇ ಗಂಟೆಯಲ್ಲಿ ಆಟೋಪೈಲಟ್ ಹಾಕಿ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ವಿಮಾನ ಸಮುದ್ರದ ತಳ ಸೇರಿತ್ತಂತೆ.

"ಈ ವಯಸ್ಸಲ್ಲಿ ಆರು ಗಂಟೆ ತಡ್ಕೊಳ್ಳೋಕಾಗುತ್ತಾ ಹೇಳು. ಬಳಗದವರು ಕೇಳಿದ್ರು ಏನಾಯ್ತು ಅಂತ. ಎಂಜಿನ್ ಕೆಟ್ಟಿತು ಅಂತ ಹೇಳ್ದೆ."

ನಗುವುದಕ್ಕೂ ಗಂಟಲು ಬಳಸುವಂತಿಲ್ಲ. ಹೊಟ್ಟೆ ಹಿಡಿದುಕೊಂಡು ಕಣ್ಣಲ್ಲೇ ನೀರು ಸುರಿಸಿದೆ.

ಉಳಿದಿರುವುದು ಒಂದೇ ರೋಗವಂತೆ. ಆಟೋಪೈಲಟ್ ಚೆನ್ನಾಗಿ ನಡೆಯುತ್ತಿರುತ್ತದೆ, ಯಾವಾಗಲೋ ಒಮ್ಮೆ 'ಟಿಂವ್ ಟಿಂವ್' ಎಂದು ತಾನಾಗಿ ಕಳಚಿಕೊಳ್ಳುತ್ತದೆ. ಹೋದ ವರ್ಷ ಹಾಗೇ ಆಗಿರಬೇಕು. ಇಪ್ಪತ್ತಾರು ದಿನ ಇದೆ. ಹಿಡಿದೇ ಬಿಡೋಣ ಎಂದು ಸ್ಲೇಟಿನಲ್ಲಿ ಬರೆದೆ. ಕೆಳಗೆ ಎರಡು ಗೆರೆ ಎಳೆದೆ.

ಜೂನ್ ೨೧, ಶುಕ್ರವಾರ

ಕುದುರೆಯ ಕಥೆ ಶುರುವಾಯಿತು.

ಆಟೋಪೈಲಟ್ ಯಾವಾಗ ಕಳಚುತ್ತದೆ ಎಂದು ಕಾಯುವುದೇ ಈಗ ಕೆಲಸ. ಸುಮ್ಮನೆ ಕಾಯುವುದು ಕಷ್ಟವೆಂದೋ ಏನೋ ಮಾವ ತಾವಾಗಿಯೇ ಹೇಳತೊಡಗಿದರು. ಒಂದು ದಿನ ಹಡಗಿನಲ್ಲಿ ಕುದುರೆ ಬಂತಂತೆ. ದೊಡ್ಡ ಮನುಷ್ಯರ್ಯಾರದೋ ಕುದುರೆ, ಬಿಳಿ. ಹೊಟ್ಟೆಯ ಕೆಳಗೆ ದಪ್ಪ ಕ್ಯಾನ್ವಾಸ್ ಪಟ್ಟಿ ಕಟ್ಟಿ ಕ್ರೇನಿನ ಕೊಕ್ಕೆಗೆ ಸಿಕ್ಕಿಸಿದರು. ಮಾವ ನಲವತ್ತು ಮೀಟರ್ ಎತ್ತರದ ಕ್ಯಾಬಿನ್ನಿನಲ್ಲಿ. ಎತ್ತಿದರು. ಕುದುರೆ ಹಡಗು ಬಿಟ್ಟು ನೀರಿನ ಮೇಲೆ ಬಂತು. ಸರಿಯಾಗಿ ಆಗ...

ಟಿಂವ್ ಟಿಂವ್.

ವಿಮಾನ ವಾಲಿತು. ಮಾವ ಚುಕ್ಕಾಣಿ ಹಿಡಿದರು, ಎಲ್ಲಾ ಸರಿಮಾಡಿದರು, ಅಷ್ಟರಲ್ಲಿ ಊಟದ ಹೊತ್ತಾಯಿತು. ಕಥೆ ಅಲ್ಲಿಗೇ ನಿಂತಿತು.

"ಆಮೇಲೆ?" ಎಂದು ಸ್ಲೇಟು ಹಿಡಿದುಕೊಂಡು ಊಟದ ಉದ್ದಕ್ಕೂ ಎದುರಿಗೆ ಕೂತೆ. ಮಾವ ತಲೆ ಬಗ್ಗಿಸಿ ಉಣ್ಣುತ್ತಿದ್ದರು, ನೋಡಲೇ ಇಲ್ಲ.

ಜೂನ್ ೨೨, ಶನಿವಾರ

ಸರಿಯಾಗಿ ಆಗ ಕರೆಂಟು ಹೋಯಿತಂತೆ! ಕುದುರೆ ನೀರಿನ ಮೇಲೆ ಗಾಳಿಯಲ್ಲಿ, ನಾಲ್ಕು ಕಾಲು ಇಳಿಬಿಟ್ಟುಕೊಂಡು.

ಟಿಂವ್ ಟಿಂವ್.

ಹಾಳಾದ್ದು.

ಜೂನ್ ೨೫, ಮಂಗಳವಾರ

ಸ್ಟೇಷನ್ನಿನ ಅಭ್ಯಾಸ ಬಿಡಲಿಲ್ಲ. ಆಟೋಪೈಲಟ್ ಕಳಚಿದ ಹೊತ್ತನ್ನೆಲ್ಲ ರೈಲಿನ ವೇಳಾಪಟ್ಟಿಯಂತೆ ಬರೆದಿಟ್ಟೆ. ಹತ್ತು ಇಪ್ಪತ್ತೇಳು, ಹತ್ತು ಮೂವತ್ತೊಂದು, ಆಮೇಲೆ ಒಂದು ಗಂಟೆ ಸುದ್ದಿಯೇ ಇಲ್ಲ. ಇನ್ನೊಂದು ದಿನ ಮಾವ ಒಬ್ಬರೇ ಕೂತಿದ್ದಾಗ ಇಡೀ ಬೆಳಿಗ್ಗೆ ಕಳಚಲಿಲ್ಲ. ನಾನು ಬಂದು ಕೂತ ಮೇಲೆ ಆರು ಸಲ. ಇದು ಯಾವ ನ್ಯಾಯ?

ಚುಕ್ಕಾಣಿಯ ವೈರು ಬದಲಿಸಿದೆವು. ಒಂದೇ ಬಟನ್ನಿಗೆ ಎರಡು ಕೆಲಸ ಹಚ್ಚಿದ್ದೇವೆಯೇ ಎಂದು ಮೂವತ್ತೆಂಟು ಬಟನ್ ಪರೀಕ್ಷಿಸಿದೆವು. ಕಂಪ್ಯೂಟರು ಕರೆಂಟು ಉಳಿಸಲೆಂದು ನಡುನಡುವೆ ಚುಕ್ಕಾಣಿಯನ್ನು ಮಲಗಿಸುತ್ತಿರಬಹುದು ಎಂದು ಬಳಗದಲ್ಲಿ ಒಬ್ಬರು ಹೇಳಿದರು. ಅದನ್ನೂ ನಿಲ್ಲಿಸಿದೆವು. ಗರುಡಣ್ಣ: ಎಲ್ಲಾ ಅಳಿಸಿ ಮತ್ತೆ ಹಾಕಿ.

ಇವರು ರಾತ್ರಿ ಊಟಕ್ಕೆ ಕೂತಾಗ ಹೇಳಿದರು: "ಮನೆ ಎಷ್ಟು ನಿಶ್ಶಬ್ದವಾಗಿದೆ ಅಂದ್ರೆ ಅಂಗಡಿಯಿಂದ ಬರೋಕೆ ಹೆದರಿಕೆ ಆಗುತ್ತೆ ಕಣೇ. ಒಂದ್ಸಲ ಬೈದಾದ್ರೂ ಬಿಡು."

ಬೈಗುಳವನ್ನು ಸ್ಲೇಟಿನಲ್ಲಿ ಬರೆದು ತೋರಿಸಿದೆ. "ದನಿ ಇಲ್ದೆ ಇದಕ್ಕೆ ಉಪ್ಪು ಖಾರ ಇಲ್ಲ" ಎಂದರು.

ಜೂನ್ ೨೭, ಗುರುವಾರ

ಸ್ಟೇಷನ್ ಸೂಪರಿಂಟೆಂಡೆಂಟರ ಫೋನ್. ನಾನು ಮಾತಾಡುವಂತಿಲ್ಲವೆಂದು ಮಾವ ಫೋನ್ ತೆಗೆದು ಸ್ಪೀಕರಿಗೆ ಹಾಕಿದರು. ಕಂಪ್ಯೂಟರ್ ದನಿ ಹಾಕಿಸಿದ್ದಾರಂತೆ. ಚೆನ್ನಾಗಿ ನಡೆಯುತ್ತಿದೆಯಂತೆ. "ನೀವು ಆರಾಮಾಗಿ ರೆಸ್ಟ್ ತಗೊಳ್ಳಿ, ಏನೂ ಅರ್ಜೆಂಟಿಲ್ಲ" ಎಂದರು. ಅವರ ಹಿಂದೆ ಆ ದನಿ ಕೇಳುತ್ತಿತ್ತು. ನನ್ನ ಮೂರನೇ ಪ್ಲಾಟ್‌ಫಾರ್ಮು, ನನ್ನ ಐದು ಹತ್ತರ ಗಾಡಿ. ಅದಕ್ಕೆ ಉಸಿರೇ ಇಲ್ಲ.

ಏನೂ ಅರ್ಜೆಂಟಿಲ್ಲವಂತೆ.

ಇವತ್ತು ಬರೆಯಲಾರೆ.

ಜೂನ್ ೨೮, ಶುಕ್ರವಾರ

ನಿನ್ನೆ ಸಂಜೆಯದ್ದನ್ನು ಇವತ್ತು ಬರೆಯುತ್ತೇನೆ.

ಫೋನ್ ಇಟ್ಟ ಮೇಲೆ ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ. ಸದ್ದಿಲ್ಲದೆ ಅಳುವುದು ಎಷ್ಟು ಕಷ್ಟ ಎಂದು ಡಾಕ್ಟರಿಗೆ ಗೊತ್ತಿರಲಾರದು. ಮಾವ ಬಂದರು. ನಲ್ಲಿ ನಿಲ್ಲಿಸಿದರು. ಅಡುಗೆಮನೆಯ ಕಟ್ಟೆಗೆ ಒರಗಿ ನೆಲ ನೋಡುತ್ತಾ ಹೇಳಿದರು.

"ನನ್ನ ಕೊನೇ ಎರಡು ವರ್ಷ ನನ್ನನ್ನ ಮೇಲಿಂದ ಇಳಿಸಿದ್ರಮ್ಮ."

ನಾನು ತಿರುಗಿ ನೋಡಿದೆ.

"ಕ್ರೇನ್ಗೆ ಕ್ಯಾಮೆರಾ ಹಾಕಿದ್ರು. ಕ್ಯಾಬಿನ್ ಬೇಡ, ಕೆಳಗೇ ಒಂದು ಕೋಣೆಯಲ್ಲಿ ಪರದೆ ನೋಡ್ಕೊಂಡು ನಡೆಸಿ ಅಂದ್ರು. ಕಿಟಕಿ ಇಲ್ಲದ ಕೋಣೆ. ಇಪ್ಪತ್ತೊಂಬತ್ತು ವರ್ಷ ಮೇಲಿಂದ ಸಮುದ್ರ ನೋಡಿದವನು. ಕೆಲಸ ಸುಲಭ ಆಯ್ತು, ಸುಳ್ಳು ಹೇಳಬಾರ್ದು. ಬೆನ್ನು ನೋವು ಹೋಯ್ತು. ಆದ್ರೆ ದಿನಾ ಬೆಳಿಗ್ಗೆ ಆ ಏಣಿ ಹತ್ರ ಹೋಗಿ ಒಂದು ಸಲ ಮೇಲೆ ನೋಡಿ ಬರ್ತಿದ್ದೆ."

ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಇನ್ನೊಂದು ಸುತ್ತು ಬಿಗಿದರು. ನಾನು ಕೇಳುತ್ತಾ ನಿಂತೆ, ಬೇರೆ ದಾರಿಯೂ ಇರಲಿಲ್ಲ.

"ಯಾರಿಗೂ ಹೇಳಲಿಲ್ಲ. ಹೇಳೋಣ ಅಂತ ಇತ್ತು. ಮನೆಗೆ ಬಂದ್ರೆ ನಿಮ್ಮತ್ತೆ ಇಬ್ಬರ ಮಾತು ಆಡೋಳು, ನೀನು ಬಂದ್ಮೇಲೆ ಮೂವರದ್ದಾಯ್ತು. ಸಂದು ಸಿಗಲಿಲ್ಲ, ಅಷ್ಟೇ."

ದೂರಿನ ದನಿ ಇರಲಿಲ್ಲ. ಮಳೆ ಬಂತು, ಹೊರಗೆ ಹೋಗಲಿಲ್ಲ ಎನ್ನುವ ಹಾಗೆ ಹೇಳಿದರು.

ಆ ಎರಡು ವರ್ಷ ನಾನು ಈ ಮನೆಯಲ್ಲೇ ಇದ್ದೆ. ದಿನಾ ಸಂಜೆ ಅವರಿಗೆ ಕಾಫಿ ಕೊಡುತ್ತಿದ್ದವಳು ನಾನೇ. ಕಾಫಿ ಕೊಡುತ್ತಾ ಸ್ಟೇಷನ್ನಿನ ಕಥೆ ಹೇಳುತ್ತಿದ್ದೆ.

ಸ್ಲೇಟು ತೆಗೆದುಕೊಂಡೆ. ಏನೋ ಬರೆದು ಅಳಿಸಿದೆ. ಕೊನೆಗೆ ಬರೆದೆ: ಕುದುರೆ?

"ಬಾ" ಎಂದರು.

ಜೂನ್ ೨೯, ಶನಿವಾರ

ಕುದುರೆ ನಲವತ್ತು ನಿಮಿಷ ಗಾಳಿಯಲ್ಲಿತ್ತು. ಕೆಳಗೆ ದಡದಲ್ಲಿ ನೂರು ಜನ. ಒಬ್ಬೊಬ್ಬರದೂ ಒಂದೊಂದು ಕೂಗು. ಕೂಗು ಹೆಚ್ಚಿದಂತೆ ಕುದುರೆ ಒದೆಯತೊಡಗಿತು. ಒದ್ದರೆ ಪಟ್ಟಿ ಜಾರುತ್ತದೆ, ಜಾರಿದರೆ ನೀರಿಗೆ. ಮಾವನಿಗೆ ಮೇಲಿಂದ ಎಲ್ಲಾ ಕಾಣುತ್ತಿದೆ, ಕೂಗಿ ಹೇಳಿದರೆ ಯಾರಿಗೂ ಕೇಳುವುದಿಲ್ಲ.

ಕ್ಯಾಬಿನ್ನಿನ ಬಾಗಿಲು ತೆರೆದು, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈ ಬೆರಳನ್ನು ತುಟಿಗೆ ಇಟ್ಟುಕೊಂಡು ನಿಂತರಂತೆ. ಕೆಳಗೆ ಸನ್ನೆ ತೋರಿಸುವ ಸಿಗ್ನಲ್‌ನವನು ಮೊದಲು ನೋಡಿದ. ಅವನೂ ತುಟಿಗೆ ಬೆರಳಿಟ್ಟ. ಅವನನ್ನು ನೋಡಿ ಪಕ್ಕದವನು. ಹೀಗೇ ಹೀಗೇ, ಇಡೀ ಬಂದರು ತುಟಿಗೆ ಬೆರಳಿಟ್ಟು ನಿಂತಿತು.

"ಅಷ್ಟು ಜನ, ಒಂದು ಸದ್ದಿಲ್ಲ. ನೀರು ಹಡಗಿಗೆ ಬಡಿಯೋದು ಮೇಲಕ್ಕೆ ಕೇಳಿಸ್ತು ನಂಗೆ. ಕುದುರೆ ಕಾಲು ಇಳಿಬಿಟ್ಟು ಸುಮ್ನಾಯ್ತು. ಮಲಗಿತೇನೋ ಅನ್ನೋ ಹಾಗೆ."

ಕರೆಂಟು ಬಂತು. ಹತ್ತಿಯಂತೆ ಇಳಿಸಿದರು. ನೆಲಕ್ಕೆ ಕಾಲು ತಾಗಿದ ತಕ್ಷಣ ಕುದುರೆ ಮಾಡಿದ ಮೊದಲ ಕೆಲಸ, ಸಿಗ್ನಲ್‌ನವನ ಭುಜ ಕಚ್ಚಿದ್ದು.

ಈ ಕಥೆಯನ್ನು ಇವರಿಗೂ ಹೇಳಿಲ್ಲವಂತೆ! ಸ್ವಂತ ಮಗನಿಗೆ! ಕಥೆ ಮುಗಿಯುವಷ್ಟರಲ್ಲಿ ಆಟೋಪೈಲಟ್ ಐದು ಸಲ ಕಳಚಿತ್ತು. ಯಾರಿಗೆ ಬೇಕಿತ್ತು ವಿಮಾನ.

ಜುಲೈ ೨, ಮಂಗಳವಾರ

ಕಳ್ಳ ಸಿಕ್ಕಿದ.

ಮೊದಲು ಸಿಕ್ಕಿದ್ದು ಕಿವಿಗೆ. ಟಿಂವ್ ಟಿಂವ್ ಎನ್ನುವ ಮೊದಲು ಪ್ರತಿಸಲ ಒಂದು ಸಣ್ಣ 'ಕಿರ್' ಎನ್ನುವ ಸದ್ದು. ಮಾತಾಡುವವರಿಗೆ ಅದು ಕೇಳುವ ಸದ್ದಲ್ಲ. ಬಳಪ ಕೆಳಗೆ ಬಿದ್ದಂತೆ ನಟಿಸಿ ಮೇಜಿನಡಿ ಬಗ್ಗಿದೆ.

ಮಾವನ ಮಂಡಿ!

ಮಾವ ಬಂದರಿನ ದೊಡ್ಡ ಕಳ್ಳಸಾಗಣೆಯ ಕಥೆ ಹೇಳುತ್ತಿದ್ದರು. ಸ್ವಾರಸ್ಯದ ಜಾಗ ಹತ್ತಿರ ಬಂದಂತೆ ಬಲಗಾಲು ತಾನಾಗಿ ಅಲ್ಲಾಡತೊಡಗುತ್ತದೆ. ಅಲ್ಲಾಡುತ್ತಾ ಅಲ್ಲಾಡುತ್ತಾ ಮಂಡಿ ಮೇಲಿನ ಹಲಗೆಗೆ ಬಡಿಯುತ್ತದೆ. ಹಲಗೆ ಕಿರ್ ಎನ್ನುತ್ತದೆ, ಅದರ ಮೇಲಿನ ಚುಕ್ಕಾಣಿ ಕೂದಲೆಳೆಯಷ್ಟು ಅಲುಗುತ್ತದೆ. ಓಹೋ, ಪೈಲಟ್ ಸಾಹೇಬರು ತಾವೇ ನಡೆಸುತ್ತಾರಂತೆ ಎಂದುಕೊಂಡು ಆಟೋಪೈಲಟ್ ಕೈ ಬಿಡುತ್ತದೆ. ಒಬ್ಬರೇ ಕೂತಾಗ ಕಳಚದೆ ನಾನಿದ್ದಾಗ ಕಳಚುತ್ತಿದ್ದದ್ದು ಅದಕ್ಕೇ. ಹೋದ ವರ್ಷ ಬಚ್ಚಲಿಗೆ ಏಳುವಾಗಲೂ ಇದೇ ಮಂಡಿ ತಗುಲಿರಬೇಕು.

ಮೇಜಿನಡಿಯಿಂದ ಎದ್ದೆ. ಸ್ಲೇಟು ತೆಗೆದೆ. 'ನೀವು ಮಾತಾಡುವಾಗ' ಎಂದು ಬರೆದೆ.

ಅಲ್ಲಿಗೇ ಕೈ ನಿಂತಿತು. ಇದನ್ನು ಓದಿದರೆ ಮಾವ ಏನು ಮಾಡುತ್ತಾರೆಂದು ನನಗೆ ಚೆನ್ನಾಗಿ ಗೊತ್ತು. ಹೂಂ ಎನ್ನುತ್ತಾರೆ. ಆಮೇಲೆ ಮಾತಾಡುವುದಿಲ್ಲ.

"ಏನಮ್ಮ?" ಎಂದರು.

ಅಂಗೈಯಿಂದ ಒರೆಸಿ ಬೇರೆ ಬರೆದೆ: ಆಮೇಲೆ ಆ ಕಳ್ಳ ಏನಾದ?

ಜುಲೈ ೫, ಶುಕ್ರವಾರ

ಮಾವ ಕ್ಷೌರಕ್ಕೆ ಹೋದರು. ಒಂದು ಗಂಟೆ ಸಿಕ್ಕಿತು.

ಹಲಗೆಯ ನಾಲ್ಕು ಸ್ಕ್ರೂ ಬಿಚ್ಚಿ, ಹಲಗೆಗೂ ಮೇಜಿಗೂ ನಡುವೆ ರಬ್ಬರಿನ ತುಂಡು ಇಟ್ಟು ಮತ್ತೆ ಬಿಗಿದೆ. ರಬ್ಬರು ಇವರ ಹವಾಯಿ ಚಪ್ಪಲಿಯದ್ದು. ಹಳೆಯದೇ, ಆದರೆ ಅವರಿಗೆ ಪ್ರೀತಿಯದ್ದು. ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ ಚುಕ್ಕಾಣಿಯ ಅಲುಗಾಟ ಎಷ್ಟಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಹೇಳುವ ಒಂದು ಸರಿಸುವ ಗೀಟು ಇದೆ. ಪೂರ್ತಿ ಸರಿಸಿದರೆ ಇಳಿಸುವಾಗ ವಿಮಾನ ಮೊಂಡಾಗುತ್ತದೆ. ಅದಕ್ಕೇ ಸ್ವಲ್ಪ ಮಾತ್ರ ಸರಿಸಿದೆ. ಸಣ್ಣಪುಟ್ಟದ್ದನ್ನು ಕಂಡೂ ಕಾಣದಂತಿರಲಿ ಎನ್ನುವಷ್ಟು.

ನಾನೇ ಕುರ್ಚಿಯಲ್ಲಿ ಕೂತು ಮಂಡಿಯಿಂದ ಹಲಗೆಗೆ ಇಪ್ಪತ್ತು ಸಲ ಬಡಿದೆ. ಕಳಚಲಿಲ್ಲ.

ಸಂಜೆ ಇವರು ಮನೆಯೆಲ್ಲ ಚಪ್ಪಲಿ ಹುಡುಕಿದರು. "ನೋಡಿದ್ಯಾ?" ಎಂದು ಕೇಳಿದರು. ತಲೆ ಅಲ್ಲಾಡಿಸಿದೆ. ಬಾಯಿ ಇಲ್ಲದಿದ್ದರೆ ಸುಳ್ಳು ಎಷ್ಟು ಸಲೀಸು!

ಜುಲೈ ೮, ಸೋಮವಾರ

ಮೂರು ದಿನದಿಂದ ಒಮ್ಮೆಯೂ ಕಳಚಿಲ್ಲ. ಇವತ್ತು ಮಾವ ಕಳ್ಳಸಾಗಣೆ, ಬೆಂಕಿ ಬಿದ್ದ ಹಡಗು, ಅತ್ತೆಯನ್ನು ಮೊದಲ ಸಲ ನೋಡಿದ್ದು, ಮೂರನ್ನೂ ಹೇಳಿದರು. ಅತ್ತೆಯ ಜಾಗ ಬಂದಾಗ ಮಂಡಿ ಹೊಲಿಗೆಯಂತ್ರದಂತೆ ಕುಣಿಯಿತು. ವಿಮಾನ ಗೆರೆ ಎಳೆದಂತೆ ಹೋಗುತ್ತಿತ್ತು.

"ಏನು ಮಾಡ್ದೆ ನೀನು?" ಎಂದರು.

ಭುಜ ಹಾರಿಸಿದೆ.

"ಗರುಡಣ್ಣಂಗೆ ಹೇಳ್ಬೇಕಲ್ಲ."

ಸ್ಲೇಟಿನಲ್ಲಿ ಬರೆದೆ: ಎಲ್ಲಾ ಅಳಿಸಿ ಮತ್ತೆ ಹಾಕಿದೆವು ಅನ್ನಿ. ಪಾಪ, ಖುಷಿಪಡಲಿ.

ಜುಲೈ ೧೪, ಭಾನುವಾರ

ಬೆಳಿಗ್ಗೆ ಎಂಟಕ್ಕೆ ಇಪ್ಪತ್ತಮೂರು ವಿಮಾನ ಎದ್ದವು. ಇವರು ಅಂಗಡಿಗೆ ರಜೆ ಹಾಕಿ ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು ಕೂತರು. ನಾನು ಮಾವನ ಬಲಗಡೆ. ಕೆಳಗೆ ನೀಲಿ, ಮೇಲೆ ನೀಲಿ, ನಡುವೆ ಹಸಿರು ಗೆರೆ. ಅದು ಪರದೆಯದ್ದು.

ಒಂಬತ್ತೂ ಐವತ್ತಕ್ಕೆ ಮಾವ ನನ್ನ ಮುಖ ನೋಡಿದರು. ನಾನು ಹೋಗಿ ಎಂದು ಕೈ ಮಾಡಿದೆ. ಎದ್ದರು. ಮಂಡಿ ಹಲಗೆಗೆ ಸರಿಯಾಗಿಯೇ ತಗುಲಿತು. ನಾನು ಟಿಂವ್ ಟಿಂವ್ ಸದ್ದಿಗೆ ಕಿವಿಗೊಟ್ಟೆ. ಏನೂ ಆಗಲಿಲ್ಲ. ಮಾವ ನಿಧಾನವಾಗಿ ಹೋಗಿ, ಕೈ ತೊಳೆದು, ಒರೆಸಿಕೊಂಡು ಬಂದರು. ವಿಮಾನ ಇದ್ದಲ್ಲೇ ಇತ್ತು, ಐದು ಸಾವಿರದೈನೂರು ಅಡಿಯಲ್ಲಿ.

ಇವರು ಚಪ್ಪಾಳೆ ತಟ್ಟಿದರು. ಬಚ್ಚಲಿಗೆ ಹೋಗಿ ಬಂದದ್ದಕ್ಕೆ ಚಪ್ಪಾಳೆ ಗಿಟ್ಟಿಸಿದ ಮನುಷ್ಯ ಲೋಕದಲ್ಲಿ ನಮ್ಮ ಮಾವ ಒಬ್ಬರೇ ಇರಬೇಕು. ಒಟ್ಟು ನಾಲ್ಕು ಸಲ ಹೋಗಿ ಬಂದರು. ನಾಲ್ಕನೆಯದು ಬೇಕಿರಲಿಲ್ಲ, ಜಂಭಕ್ಕೆ ಹೋದರು ಎಂದು ನನ್ನ ಅನುಮಾನ.

ನಡುವೆ ಇವರು ಕೇಳಿದರು: "ಅಪ್ಪಾ, ಮೇಲೆ ಕ್ಯಾಬಿನ್ನಿಂದ ಸಮುದ್ರ ಹೀಗೇ ಕಾಣ್ತಿತ್ತಾ?"

ಮಾವ ಹೇಳತೊಡಗಿದರು. ಗಂಡ ನಡುವೆ ಬಾಯಿ ಹಾಕಲು ಹೋದಾಗ ನಾನು ಅವರ ತೊಡೆ ಚಿವುಟಿದೆ.

ಎರಡೂ ಹತ್ತಕ್ಕೆ ಇಳಿಸಿದರು. ಹದಿನೆಂಟು ವಿಮಾನ ಮುಟ್ಟಿದವು. ಗರುಡಣ್ಣನದು ಸಮುದ್ರಕ್ಕೆ ಬಿತ್ತು. ಎಂಜಿನ್ ಕೆಟ್ಟಿತಂತೆ.

ಜುಲೈ ೧೫, ಸೋಮವಾರ

ಡಾಕ್ಟರು ಮತ್ತೆ ಕ್ಯಾಮೆರಾ ಇಳಿಸಿದರು. ಗಂಟು ಎರಡೂ ಸಾಸಿವೆಯಷ್ಟಾಗಿವೆ. ಆಪರೇಷನ್ ಬೇಡ. "ನೀವು ಇಷ್ಟು ಶಿಸ್ತಿನವರು ಅಂತ ಅಂದ್ಕೊಂಡಿರಲಿಲ್ಲ" ಎಂದರು. ಗಂಡ ಮತ್ತೆ ಕ್ಯಾಲೆಂಡರ್ ನೋಡಿದರು.

ಈ ವಾರ ದಿನಕ್ಕೆ ಐದು ನಿಮಿಷ ಮಾತಾಡಬಹುದು, ಮೆಲ್ಲಗೆ. ಮುಂದಿನ ವಾರ ಹತ್ತು. ಹೀಗೇ ಏರುತ್ತಾ ಹೋಗಬೇಕು. ಸೂಪರಿಂಟೆಂಡೆಂಟರು ಸೆಪ್ಟೆಂಬರಿನಿಂದ ಬನ್ನಿ ಎಂದಿದ್ದಾರೆ. ದಿನದ ಗಾಡಿಗಳಿಗೆ ಕಂಪ್ಯೂಟರೇ ಇರುತ್ತದಂತೆ. ಗಾಡಿ ತಡವಾದರೆ, ಪ್ಲಾಟ್‌ಫಾರ್ಮು ಬದಲಾದರೆ, ಮಗು ಕಳೆದುಹೋದರೆ ನಾನು. ಇಡೀ ಮೈಕು ನನ್ನದಲ್ಲ ಎಂದು ಹೊಟ್ಟೆ ಉರಿಯಬೇಕಿತ್ತು. ಸ್ವಲ್ಪ ಉರಿಯಿತು. ಕಳೆದುಹೋದ ಮಗುವಿನ ಅಮ್ಮನನ್ನು ಕರೆಯುವುದು ಕಂಪ್ಯೂಟರಿನ ಕೈಲಿ ಆಗುವುದಿಲ್ಲ ಎಂದು ಅವರಿಗೂ ಗೊತ್ತಾಗಿದೆಯಲ್ಲ, ಸಾಕು.

ಇವರು ಮೊಬೈಲಿನಲ್ಲಿ ಐದು ನಿಮಿಷದ ಟೈಮರ್ ಗಂಟೆ ಇಟ್ಟುಕೊಟ್ಟರು. ಮಾತಾಡುವಾಗ ಓಡಿಸಬೇಕು, ಸುಮ್ಮನಾದಾಗ ನಿಲ್ಲಿಸಬೇಕು. ಮನೆಗೆ ಬಂದು ಮೊದಲ ನಿಮಿಷದಲ್ಲೇ ಇವರನ್ನು ಬೈದೆ. ಸೊರಗಿದ ದನಿ, ಆದರೆ ನನ್ನದೇ. "ಈಗ ಸರಿಯಾಯ್ತು ನೋಡು" ಎಂದು ಇವರು ಕಣ್ಣೊರೆಸಿಕೊಂಡರು. ಉಳಿದ ನಾಲ್ಕು ನಿಮಿಷವೂ ಚಪ್ಪಲಿಯ ವಿಷಯ ಒಪ್ಪಿಕೊಳ್ಳುವುದರಲ್ಲಿ ಹೋಯಿತು. ಯಾಕೆ ಎಂದು ಹೇಳಲಿಲ್ಲ.

ಜುಲೈ ೧೭, ಬುಧವಾರ

ಹತ್ತು ಗಂಟೆಗೆ ಮಾವನ ಕೋಣೆಗೆ ಹೋದೆ.

"ಈಗ ಬಾಯಿ ಬಂತಲ್ಲ, ಹೇಳು. ಅದಕ್ಕೆ ಏನು ರೋಗ ಆಗಿತ್ತು?" ಎಂದರು.

ಗಂಟೆ ಓಡಿಸಿದೆ. "ಏನಿಲ್ಲ ಮಾವ. ಸೂಕ್ಷ್ಮ ಸ್ವಲ್ಪ ಜಾಸ್ತಿ ಇತ್ತು. ಕಡಿಮೆ ಮಾಡ್ದೆ." ಗಂಟೆ ನಿಲ್ಲಿಸಿದೆ.

"ಹೂಂ" ಎಂದರು. ಒಂದು ಕ್ಷಣ ಹಲಗೆಯ ಕಡೆ ನೋಡಿದರು, ಹಲಗೆಯ ಅಂಚಿನಲ್ಲಿ ಇಣುಕುವ ನೀಲಿ ರಬ್ಬರಿನ ಕಡೆ ನೋಡಿದರೋ ಏನೋ, ನನಗೆ ಸರಿಯಾಗಿ ಗೊತ್ತಾಗಲಿಲ್ಲ. ಆಮೇಲೆ ವಿಮಾನ ಎಬ್ಬಿಸಿದರು, ಆಟೋಪೈಲಟ್ ಒತ್ತಿದರು, ಕುರ್ಚಿಗೆ ಒರಗಿದರು. ಸಿಗ್ನಲ್‌ನವನ ಮದುವೆಗೆ ಹೋದದ್ದನ್ನು ಹೇಳತೊಡಗಿದರು. ಕುದುರೆ ಕಚ್ಚಿದ ಗಾಯ ಇನ್ನೂ ಮಾಸಿರಲಿಲ್ಲವಂತೆ. ಹುಡುಗಿಯ ಕಡೆಯವರು ಏನೆಂದು ಕೇಳಿದ್ದಕ್ಕೆ ಅವನು ಹುಲಿ ಎಂದಿದ್ದನಂತೆ. ಆ ಹುಲಿಯನ್ನು ಕೊಂದದ್ದು ಮಾವ ಎಂದೂ ಹೇಳಿಬಿಟ್ಟಿದ್ದನಂತೆ. ಊಟದ ಪಂಕ್ತಿಯಲ್ಲಿ ಎಲ್ಲರೂ ಮಾವನ ಕಡೆ ತಿರುಗಿ, ಹೇಗೆ ಕೊಂದಿರಿ, ಹೇಳಿ ಎಂದು ಹಿಡಿದುಕೊಂಡರಂತೆ.

ಹೇಗೆ ಕೊಂದರು ಎಂಬುದು ಮಧ್ಯಾಹ್ನದವರೆಗೆ ನಡೆಯಿತು. ಊಟವಾದ ಮೇಲೂ ನಡೆಯಿತು.

ಸಂಜೆ ಇವರು ಅಂಗಡಿಯಿಂದ ಬಂದವರೇ, ಚಪ್ಪಲಿ ಬಿಡುವ ಮೊದಲೇ ಕೇಳಿದರು: "ಇವತ್ತಿನ ಐದು ನಿಮಿಷ ಏನು ಮಾಡ್ದೆ? ನಂಗೆ ಏನಾದ್ರೂ ಉಳಿಸಿದ್ಯಾ?"

ಮೊಬೈಲು ತೆಗೆದು ನೋಡಿದೆ. ನಾಲ್ಕು ನಿಮಿಷ ಐವತ್ತು ಸೆಕೆಂಡು ಹಾಗೇ ಇತ್ತು. ಮರೆತೇ ಹೋಗಿತ್ತು.